ಗುಂಡಿ ಡಬ್ಬಿಯ ಸುಳ್ಳು

ಶನಿವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಕಾಲೇಜಿನ ವಿಭಾಗ ಮುಖ್ಯಸ್ಥರು ಬೆಂಚಿನ ಮೇಲೆ ಕೂರಲಿಲ್ಲ. ಬೆಂಚನ್ನು ಒಮ್ಮೆ ನೋಡಿದರು, ಕರವಸ್ತ್ರದಿಂದ ಅದರ ತುದಿ ಒರೆಸಿದರು, ಒರೆಸಿದ ಮೇಲೂ ಕೂರಲಿಲ್ಲ. ನೇರ ಇನ್ಸ್‌ಪೆಕ್ಟರ್ ಕೋಣೆಗೆ ನುಗ್ಗಿ, ಟೈಪು ಮಾಡಿಸಿ ತಂದಿದ್ದ ದೂರನ್ನು ಮೇಜಿನ ಮೇಲಿಟ್ಟರು.

"ಇದರಲ್ಲಿ ಎಲ್ಲಾ ಇದೆ. ಹೆಸರು, ವಿಳಾಸ, ಕಾರಣ. ನೀವು ಹೋಗಿ ಅರೆಸ್ಟ್ ಮಾಡಿದ್ರೆ ಸಾಕು."

ಇನ್ಸ್‌ಪೆಕ್ಟರಿಗೆ ಮೈ ಉರಿಯಿತು. ಅಪರಾಧಿಯನ್ನು ತಾವೇ ಗೊತ್ತುಮಾಡಿ, ಕಾರಣವನ್ನೂ ತಾವೇ ಹೇಳಿ, ಪೊಲೀಸರನ್ನು ಸಾಮಾನು ತರುವ ಆಳಿನ ಹಾಗೆ ಅಟ್ಟುವ ಜನರನ್ನು ಕಂಡರೆ ಆಕೆಗೆ ಮೊದಲಿಂದಲೂ ಆಗದು. ಆದರೂ ಓದಿದಳು. ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ವಿಭಾಗದ ದಾಖಲೆ ಕೋಣೆಯ ಕಬ್ಬಿಣದ ಕಪಾಟಿಗೆ ಯಾರೋ ಬೆಂಕಿ ಹಚ್ಚಿದ್ದಾರೆ. ಅನುಮಾನ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯ ಮೇಲೆ. ಊರಿನ ದರ್ಜಿಗಳ ಮೇಲೆ ಆಕೆ ಬರೆದುಕೊಟ್ಟ ಪ್ರಬಂಧ, ಮುಖ್ಯಸ್ಥರು ಹೋದ ವರ್ಷ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದ ಕಾಪಿ. ಆ ಕೃತಿಚೌರ್ಯದ ಫೈಲು ಅದೇ ಕಪಾಟಿನಲ್ಲಿತ್ತು. ಬುಧವಾರ ಸಮಿತಿ ಕೂತು ಆಕೆಯನ್ನು ಕಾಲೇಜಿನಿಂದ ಹೊರಗೆ ಹಾಕುವುದಿತ್ತು. ಸಾಕ್ಷ್ಯ ನಾಶಮಾಡಲು ಸುಟ್ಟಿದ್ದಾಳೆ.

"ಅವಳು ಹಚ್ಚಿದ್ದನ್ನ ನೀವು ನೋಡಿದ್ರಾ?"

"ನೋಡೋದೇನಿದೆ? ಕದ್ದವಳು ಸುಟ್ಟಿದ್ದಾಳೆ."

"ಕಪಾಟಿಗೆ ಬೀಗ ಇತ್ತಾ?"

"ಇತ್ತು. ಒಂದು ಕೀಲಿ ನನ್ನ ಹತ್ತಿರ. ಅಟೆಂಡರ್ ಹತ್ತಿರದ್ದು ಮೊಳೆಗೆ ನೇತಾಡ್ತಾ ಇರುತ್ತೆ. ಯಾರು ಬೇಕಾದ್ರೂ ತಗೋಬಹುದು. ಸಾಲದ್ದಕ್ಕೆ ಆ ಹುಡುಗಿ ಬಲು ಜೋರು."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಗೆ ಇನ್ಸ್‌ಪೆಕ್ಟರ್ ಹೆಡ್‌ ಕಾನ್‌ಸ್ಟೆಬಲನ್ನು ಕಳಿಸಿದಳು. ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಕಾರ್ಬನ್ ಅಂತ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮಧ್ಯಾಹ್ನ ಹುಡುಗಿಯನ್ನು ಕರೆಸಿದರು. ತಾಯಿಯೂ ಬಂದಳು. ತಾಯಿ ಮನೆಯಲ್ಲೇ ಕೂತು ದರ್ಜಿ ಅಂಗಡಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವವಳು. ಎಡಗೈ ಹೆಬ್ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಹುಡುಗಿ ಮಾತ್ರ ಕೂತ ಕುರ್ಚಿಯಲ್ಲೇ ಕತ್ತು ನೆಟ್ಟಗೆ ಮಾಡಿಕೊಂಡು ಇನ್ಸ್‌ಪೆಕ್ಟರನ್ನು ದುರುಗುಟ್ಟಿ ನೋಡುತ್ತಿದ್ದಳು.

"ನಿನ್ನೆ ನಾಲ್ಕು ಗಂಟೆಗೆ ಎಲ್ಲಿದ್ದೆ?"

"ಲೈಬ್ರರಿಯಲ್ಲಿ."

"ಯಾರು ನೋಡಿದಾರೆ?"

"ಯಾರೂ ಇಲ್ಲ. ಕಾಪಿ ಹೊಡೆದವಳು ಅಂತ ಸುದ್ದಿಯಾದ ಮೇಲೆ ನನ್ನ ಪಕ್ಕ ಯಾರೂ ಕೂರಲ್ಲ."

"ಹೊಡೆದಿದ್ದೀಯಲ್ಲ."

"ಹೊಡೆದಿಲ್ಲ. ಅದು ನಂದು. ಮೊದಲನೇ ವರ್ಷದಲ್ಲಿ ಇದೇ ವಿಷಯದ ಮೇಲೆ ಕೈಬರಹದಲ್ಲಿ ಒಂದು ಪ್ರಬಂಧ ಬರೆದು ನಮ್ಮ ಮುಖ್ಯಸ್ಥರಿಗೇ ಕೊಟ್ಟಿದ್ದೆ. ಅದನ್ನೇ ಬೆಳೆಸಿ ಈಗ ಬರೆದಿದ್ದೀನಿ. ಅವರು ಮಧ್ಯದಲ್ಲಿ ತಮ್ಮ ಹೆಸರು ಹಾಕಿ ಅಚ್ಚು ಹಾಕಿಸಿಕೊಂಡಿದ್ದಾರೆ."

"ನಿನ್ನ ಹತ್ತಿರ ಅದರ ಪ್ರತಿ?"

"ಇಲ್ಲ. ಇದ್ದದ್ದು ಒಂದೇ. ಅದೂ ಆ ಕಪಾಟಿನಲ್ಲಿ. ಅದನ್ನ ತೆಗೆಸಿ ನೋಡಿ ಅಂತ ಗುರುವಾರ ಅರ್ಜಿ ಕೊಟ್ಟೆ. ಶುಕ್ರವಾರ ಬೆಂಕಿ ಬಿತ್ತು. ಮುಂದಿನದು ನೀವೇ ಯೋಚನೆ ಮಾಡಿ. ಸಂಬಳ ಕೊಡೋದು ಅದಕ್ಕೇ ತಾನೆ?"

"ಬಾಯಿ ಭದ್ರ!" ಇನ್ಸ್‌ಪೆಕ್ಟರ್ ಮೇಜು ಗುದ್ದಿದಳು. "ಕದ್ದವರೆಲ್ಲ ಇಲ್ಲಿ ಬಂದು ನಂದು ನಂದು ಅಂತಾನೇ ಹೇಳೋದು."

ತಾಯಿ ಎದ್ದುನಿಂತು ಕೈ ಮುಗಿದಳು. "ಅವಳ ಮಾತೇ ಹಾಗೆ ಮೇಡಂ, ಬಾಯಿಗೆ ಬೀಗ ಇಲ್ಲ. ಆದ್ರೆ ಅವಳು ಕದಿಯೋಳಲ್ಲ. ಇದೊಂದು ವರ್ಷ ಮುಗಿದ್ರೆ ಮೇಷ್ಟ್ರಾಗ್ತಾಳೆ ಅಂತ ಹಗಲೂ ರಾತ್ರಿ ಸೂಜಿ ಹಿಡಿದಿದ್ದೀನಿ. ಈಗ ಬೆಂಕಿ ಕೇಸು ಅಂದ್ರೆ ಇವಳನ್ನ ಯಾವ ಶಾಲೆ ಒಳಗೆ ಬಿಡುತ್ತೆ?"

ಇನ್ಸ್‌ಪೆಕ್ಟರಿಗೆ ಆ ಹೆಂಗಸಿನ ಮೇಲೆ ಕನಿಕರ ಬಂತು, ಮಗಳ ಮೇಲೆ ಬರಲಿಲ್ಲ. ಹುಡುಗಿಯ ಮಾತನ್ನು ನಂಬಲೂ ಇಲ್ಲ. ಊರು ಬಿಟ್ಟು ಕದಲಬಾರದು ಅಂತ ಎಚ್ಚರಿಸಿ ಇಬ್ಬರನ್ನೂ ಕಳಿಸಿದಳು.

ಸಂಜೆ ಪಂಚನಾಮೆ ಮೇಜಿಗೆ ಬಂತು. ಮುತ್ತಿನಂಥ ಅಕ್ಷರ, ಒಂದು ಚಿತ್ತಿಲ್ಲ, ಇಬ್ಬರು ಪಂಚರ ಸಹಿ. ಮೊದಲ ಪುಟ ಓದಿದಳು, ಎರಡನೆಯದಕ್ಕೆ ಬಂದವಳು ಅಲ್ಲೇ ನಿಂತಳು.

"ರೀ ಕಾರ್ಬನ್, ಬನ್ರೀ ಇಲ್ಲಿ."

ಬಂದ.

"'ಗೋದಾಮಿನ ಶಟರು ಅರ್ಧ ಬೆಂದಿದ್ದು, ಒಳಗಿದ್ದ ಮೂಟೆಗಳು ಪೂರ್ತಿ ಸುಟ್ಟು ಕರಕಲಾಗಿದ್ದು.' ಕಾಲೇಜಿನ ದಾಖಲೆ ಕೋಣೆಗೆ ಶಟರು ಯಾವಾಗ ಹಾಕಿಸಿದ್ರು?"

ಕಾರ್ಬನ್ ತಲೆ ಕೆರೆದುಕೊಂಡ. "ಹೋದ ಸಲದ ಬೆಂಕಿ ಕೇಸಿಂದು ಚೆನ್ನಾಗಿತ್ತು ಮೇಡಂ. ಕೋರ್ಟಿನಲ್ಲೂ ಪಾಸಾಗಿತ್ತು. ಹೆಸರು, ತಾರೀಕು ಬದಲಿಸಿದೆ. ಶಟರು ಒಂದು ಕಣ್ತಪ್ಪಿಹೋಯ್ತು."

"ನೀವು ಆ ಕಪಾಟನ್ನ ತೆಗೆದು ನೋಡಿದ್ರಾ?"

"ಬಾಗಿಲಲ್ಲಿ ನಿಂತು ನೋಡಿದೆ. ಮಸಿ ಮೇಡಂ ಒಳಗೆಲ್ಲ. ಬಟ್ಟೆ ಹಾಳಾಗುತ್ತೆ."

ಅವತ್ತು ಕಾರ್ಬನ್ನಿಗೆ ಆದ ಮಂಗಳಾರತಿ ಠಾಣೆಯ ಗೇಟಿನಾಚೆಗೂ ಕೇಳಿಸಿತು. ಇಪ್ಪತ್ತು ವರ್ಷ ಸರ್ವೀಸು ಮಾಡಿದ ಮನುಷ್ಯ ಇನ್ನೊಬ್ಬರ ಬೆಂಕಿಯನ್ನು ತಂದು ಇಲ್ಲಿ ಹಚ್ಚಿದ್ದಾನೆ, ಈ ಕಾಗದ ಕೋರ್ಟಿಗೆ ಹೋಗಿದ್ದರೆ ವಕೀಲರು ನಮ್ಮ ಯೂನಿಫಾರ್ಮು ಬಿಚ್ಚಿಸುತ್ತಿದ್ದರು, ಅಂತ ಕೂಗಾಡಿದಳು. ಕೂಗಾಡಿ ಸುಸ್ತಾಗಿ, ಬೆಳಗ್ಗೆ ತಾನೇ ಹೋಗಿ ಮರುಪಂಚನಾಮೆ ಮಾಡುವುದೆಂದು ತೀರ್ಮಾನಿಸಿದಳು.

ಭಾನುವಾರ ಒಂಬತ್ತು ಗಂಟೆ. ಕಾಲೇಜು ಖಾಲಿ. ಅಟೆಂಡರ್ ಬಂದು ದಾಖಲೆ ಕೋಣೆ ತೆರೆದ. ಸುಟ್ಟ ಕಾಗದದ ವಾಸನೆ ಮೂಗಿಗೆ ಹೊಡೆಯಿತು. ಇನ್ಸ್‌ಪೆಕ್ಟರ್ ಮೊಣಕಾಲೂರಿ ಕೂತು ಕಪಾಟಿನ ಬಾಗಿಲು ಎಳೆದಳು. ಕೆಳಗಿನ ಅರೆಯಲ್ಲಿ ಬೂದಿ ಬಿಟ್ಟರೆ ಏನಿಲ್ಲ. ನಡುವಿನದರಲ್ಲಿ ಕಾಗದದ ಅಂಚುಗಳು ಸುಟ್ಟಿದ್ದವು. ಮೇಲಿನ ಅರೆಗೆ ಬರೀ ಹೊಗೆ ಹಿಡಿದಿತ್ತು. ಮುಖ್ಯಸ್ಥರು ನಾಶವಾಯಿತೆಂದು ದೂರಿದ್ದ ಕೃತಿಚೌರ್ಯದ ಫೈಲು ಅಲ್ಲೇ, ಮೇಲೆ, ದಾರ ಕಟ್ಟಿದ್ದು ಕಟ್ಟಿದ ಹಾಗೇ ಕೂತಿತ್ತು.

"ಕೆಳಗಿನ ಅರೆಯಲ್ಲಿ ಏನಿತ್ತು?"

"ಹಳೇ ಪ್ರಬಂಧಗಳು ಮೇಡಂ," ಅಂದ ಅಟೆಂಡರ್. "ಹುಡುಗರು ಕೈಯಲ್ಲಿ ಬರೆದಿದ್ದು."

"ಹೊಗೆ ಮೊದಲು ನೋಡಿದ್ದು ಯಾರು?"

"ನಾನೇ."

"ಆಗ ಕಪಾಟು ಹೇಗಿತ್ತು? ತೆರೆದಿತ್ತಾ?"

"ಇಲ್ಲ, ಬೀಗ ಹಾಕಿತ್ತು. ಸಂದಿಯಿಂದ ಹೊಗೆ ಬರ್ತಿತ್ತು. ಸಾಹೇಬರನ್ನ ಕೂಗಿದೆ, ಅವರು ಬಂದು ಕೀಲಿ ತೆಗೆದ್ರು."

"ನಿನ್ನ ಕೀಲಿ ಮೊಳೆಯಲ್ಲಿತ್ತಲ್ಲ?"

ಅಟೆಂಡರ್ ಗೋಡೆಯ ಖಾಲಿ ಮೊಳೆ ಕಡೆ ನೋಡಿದ. ಜೊತೆಗೆ ಬಂದಿದ್ದ ಕಾರ್ಬನ್ ಹಿಂದಿನ ದಿನದ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿಕೊಳ್ಳುವವನಂತೆ, "ಬಾಯಿ ಬಿಡಯ್ಯ!" ಅಂತ ಗದರಿದ.

"ನನ್ನ ಕೆಲಸ ಹೋಗುತ್ತೆ ಸಾರ್."

"ಸುಳ್ಳು ಹೇಳಿದ್ರೆ ಕೆಲಸದ ಜೊತೆ ನೀನೂ ಹೋಗ್ತೀಯ," ಅಂದಳು ಇನ್ಸ್‌ಪೆಕ್ಟರ್.

"ಗುರುವಾರ ಸಂಜೆ ಸಾಹೇಬರು ನನ್ನ ಕೀಲಿ ಇಸ್ಕೊಂಡ್ರು ಮೇಡಂ. ಇನ್ಮೇಲೆ ಎರಡೂ ನನ್ನ ಹತ್ತಿರ ಇರಲಿ ಅಂದ್ರು."

ಹುಡುಗಿ ಅರ್ಜಿ ಕೊಟ್ಟದ್ದೂ ಗುರುವಾರ. ಇನ್ಸ್‌ಪೆಕ್ಟರ್ ಎದ್ದು ಕೈ ಕೊಡವಿಕೊಂಡಳು. ಕದ್ದು ಬಂದು ಬೆಂಕಿ ಹಚ್ಚುವ ಹುಡುಗಿ ಎದ್ದೆನೋ ಬಿದ್ದೆನೋ ಅಂತ ಓಡುತ್ತಾಳೆ, ನಿಂತು ಬೀಗ ಹಾಕುವುದಿಲ್ಲ. ಬೀಗ ಹಾಕುವುದು ಮೂವತ್ತು ವರ್ಷ ದಿನಾ ಸಂಜೆ ಬೀಗ ಹಾಕಿ ಎಳೆದು ನೋಡಿ ಹೋದ ಕೈ. ಅದೇ ಬೀಗದಿಂದ ಒಳಗೆ ಗಾಳಿಯಾಡದೆ ಬೆಂಕಿ ಅರ್ಧಕ್ಕೇ ಸತ್ತಿದೆ, ಮೇಲಿನ ಫೈಲು ಉಳಿದಿದೆ. ಆದರೆ ಇಷ್ಟರಿಂದ ಮುಖ್ಯಸ್ಥರನ್ನು ಮುಟ್ಟಲಾಗದು. ಆ ಹಳೆಯ ಪ್ರಬಂಧ ನಿಜಕ್ಕೂ ಇತ್ತು, ಅವರು ಅದರಿಂದಲೇ ಕದ್ದರು ಅಂತ ತೋರಿಸದೆ ಅವರು ಯಾಕೆ ಸುಡಬೇಕು ಅನ್ನುವುದಕ್ಕೆ ಉತ್ತರವಿಲ್ಲ. ಇದ್ದ ಒಂದು ಪ್ರತಿ ಬೂದಿ. ಅವಳಿಗೆ ಆ ಕಪಾಟನ್ನು ಒದೆಯುವಷ್ಟು ಕೋಪ ಬಂತು.

ಸೋಮವಾರ ಬೆಳಗ್ಗೆ ಅದೇ ವಿಭಾಗದ ಕಿರಿಯ ಉಪನ್ಯಾಸಕನನ್ನು ಕರೆಸಿದಳು. ವಿದ್ಯಾರ್ಥಿಗಳ ಬರಹವನ್ನು ಕಂಪ್ಯೂಟರಿಗೆ ಹಾಕಿ ಕಾಪಿ ಹಿಡಿಯುವ ಕೆಲಸ ಅವನದು. ಬಂದವನೇ, "ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನನ್ನ ಹೆಸರು ಎಲ್ಲೂ ಬರಬಾರದು," ಅಂದ.

"ಹೆಸರು ಯಾರಿಗೆ ಬೇಕು? ಕಾಪಿ ಹೇಗೆ ಹಿಡೀತೀರಿ ಹೇಳಿ."

"ಅದರಲ್ಲಿ ಬೇರೆಬೇರೆ ಥರ ಇದೆ. ಕೆಲವರು ಪುಟಗಟ್ಟಲೆ ಅನಾಮತ್ತು ಎತ್ತಿಡ್ತಾರೆ. ಸೋಮಾರಿಗಳು, ಬೇಗ ಸಿಕ್ಕಿಬೀಳ್ತಾರೆ. ಸ್ವಲ್ಪ ಚುರುಕಾದವರು ವಾಕ್ಯ ಹಾಗೇ ಇಟ್ಟು ಪದ ಬದಲಿಸ್ತಾರೆ. 'ಹಳೇ ಮನೆ' ಇದ್ದದ್ದು 'ಪುರಾತನ ಗೃಹ' ಆಗುತ್ತೆ. ಓದಿದ್ರೆ ಬೇರೆಯವರ ಕೋಟು ಹಾಕ್ಕೊಂಡ ಹಾಗಿರುತ್ತೆ. ಇನ್ನು ಕೆಲವರದು ತೇಪೆ ಕೆಲಸ. ಹತ್ತು ಕಡೆಯಿಂದ ಹತ್ತು ಸಾಲು ತಂದು ಮಧ್ಯೆ 'ಆದ್ದರಿಂದ' ಹಾಕಿ ಜೋಡಿಸ್ತಾರೆ. ಹಿಂದೆ ಕಾರಣಾನೇ ಇರಲ್ಲ. ದುಡ್ಡು ಕೊಟ್ಟು ಬರೆಸೋರೂ ಇದ್ದಾರೆ. ಅಂಥವರಿಗೆ ಎದುರು ಕೂರಿಸಿ ಎರಡು ಪ್ರಶ್ನೆ ಕೇಳಿದ್ರೆ ತಮ್ಮ ಪ್ರಬಂಧದಲ್ಲಿ ಏನಿದೆ ಅಂತಾನೇ ಗೊತ್ತಿರಲ್ಲ."

"ತಮ್ಮ ಹಳೇದನ್ನೇ ಮತ್ತೆ ಕೊಟ್ರೆ?"

"ಹೇಳದೆ ಕೊಟ್ರೆ ಅದೂ ತಪ್ಪು. ಆದ್ರೆ ಅದಕ್ಕೆ ತಿದ್ದಿ ಬರೆಸ್ತೀವಿ, ಹೊರಗೆ ಹಾಕಲ್ಲ."

"ಈ ಹುಡುಗಿದು ಇದರಲ್ಲಿ ಯಾವುದು?"

ಅವನು ಬಾಗಿಲ ಕಡೆ ನೋಡಿದ. "ಹುಡುಗರು ಕದ್ದರೆ ಕದ್ದ ಸಾಲು ನೆಟ್ಟಗಿರುತ್ತೆ, ಅವರ ಸ್ವಂತದ್ದು ಕುಂಟುತ್ತೆ. ಹೊಲಿಗೆ ಕಾಣುತ್ತೆ. ಇವಳ ಪ್ರಬಂಧದಲ್ಲಿ ಹೊಲಿಗೆ ಕಾಣಲ್ಲ, ಮೊದಲಿಂದ ಕೊನೆತನಕ ಒಂದೇ ಕೈ."

"ಸಾಹೇಬರ ಲೇಖನದಲ್ಲಿ?"

"ಕಾಣುತ್ತೆ," ಅಂದ ಮೆಲ್ಲಗೆ. "ಮೊದಲ ಎರಡು ಪುಟ, ಕೊನೆಯ ಒಂದು ಪುಟ ಕಬ್ಬಿಣದ ಕಡಲೆ. ಮಧ್ಯೆ ಬೇರೆಯೇ ಮನುಷ್ಯ ಮಾತಾಡ್ತಾನೆ. ಕಂಪ್ಯೂಟರ್ ಎರಡೂ ಒಂದೇ ಅಂತ ಹೇಳುತ್ತೆ ಮೇಡಂ, ಯಾರಿಂದ ಯಾರು ತಗೊಂಡ್ರು ಅಂತ ಹೇಳಲ್ಲ. ಮೊದಲು ಅಚ್ಚಾದದ್ದನ್ನ ಮೂಲ ಅಂತ ತೋರಿಸುತ್ತೆ, ಅಷ್ಟೆ."

"ಇದನ್ನ ಸಮಿತಿಗೆ ಹೇಳಿದ್ರಾ?"

"ಅವರು ಕೇಳಲಿಲ್ಲ."

"ಹೇಳಿದ್ರಾ ಅಂತ ನಾನು ಕೇಳಿದ್ದು."

ಅವನು ಮತ್ತೆ ಬಾಗಿಲ ಕಡೆ ನೋಡಿದ. ಥೂ, ಎಂಥ ಪುಕ್ಕಲು ಜನ ಅಂತ ಮನಸ್ಸಿನಲ್ಲೇ ಬೈದುಕೊಂಡು ಅವನನ್ನು ಕಳಿಸಿದಳು.

ಆಮೇಲೆ ಕಪಾಟಿನಲ್ಲಿ ಉಳಿದ ಫೈಲು ಬಿಚ್ಚಿ, ಲೇಖನ ಒಂದು ಕಡೆ, ಹುಡುಗಿಯ ಹೊಸ ಪ್ರಬಂಧ ಒಂದು ಕಡೆ ಇಟ್ಟುಕೊಂಡು ಕೂತಳು. ಕಳುವಿನ ಮಾಲು ಜೋಡಿಸುವಾಗ ಹೇಗೋ ಹಾಗೆ, ಸಾಲಿಗೆ ಸಾಲು ಹಿಡಿದು ಗುರುತು ಹಾಕುತ್ತ ಬಂದಳು. ಪ್ರಬಂಧದಲ್ಲಿ 'ಹರಕು ಪರದೆ' ಇದ್ದಲ್ಲಿ ಲೇಖನದಲ್ಲಿ 'ಜೀರ್ಣ ಯವನಿಕೆ'. ಅವಳಿಗೆ ನಗು ಬಂತು. ಆಮೇಲೆ ಒಂದು ಕಡೆ ಕೈ ನಿಂತಿತು. ಲೇಖನದಲ್ಲಿ ಒಂದು ಭಾಗ ಇತ್ತು, ಪ್ರಬಂಧದಲ್ಲಿ ಅದು ಇರಲೇ ಇಲ್ಲ. ಅದೂ ಇಡೀ ಲೇಖನದ ಜೀವ. ಬಟ್ಟೆ ಹೊಲಿಯಲು ಕೊಟ್ಟು, ತೆಗೆದುಕೊಂಡು ಹೋಗುವ ಮೊದಲೇ ತೀರಿಹೋದ ಗಿರಾಕಿಯ ಅಂಗಿಯಿಂದ ದರ್ಜಿ ಒಂದು ಗುಂಡಿ ಬಿಚ್ಚಿ ಡಬ್ಬಿಯಲ್ಲಿಡುತ್ತಾನಂತೆ, ಆ ಡಬ್ಬಿಯನ್ನು ಎಂದೂ ಖಾಲಿ ಮಾಡುವುದಿಲ್ಲವಂತೆ. ಲೇಖನಕ್ಕೆ ಬಹುಮಾನ ಬಂದದ್ದೂ ಇದೇ ಭಾಗಕ್ಕೆ ಅಂತ ಪತ್ರಿಕೆಯವರು ಅಡಿಯಲ್ಲಿ ಬರೆದಿದ್ದರು.

ಸಂಜೆ ಹುಡುಗಿಯ ಮನೆಗೇ ಹೋದಳು. ಒಂದೇ ಕೋಣೆ, ನೆಲದ ತುಂಬ ಅಂಗಿಗಳ ರಾಶಿ.

"ಮತ್ತೆ ಬಂದ್ರಾ?" ಅಂದಳು ಹುಡುಗಿ.

"ಕದ್ದವಳು ನೀನಾದ್ರೆ, ಎಲ್ಲಕ್ಕಿಂತ ಚೆನ್ನಾಗಿರೋ ಗುಂಡಿ ಡಬ್ಬಿ ವಿಷಯ ಯಾಕೆ ಬಿಟ್ಟೆ?"

"ಅದು ಸುಳ್ಳು, ಅದಕ್ಕೆ ಬಿಟ್ಟೆ. ಟೈಲರ್ ತಾತ ತಮಾಷೆಗೆ ಹೇಳಿದ್ದು. ಮೊದಲನೇ ವರ್ಷ ನಾನು ನಿಜ ಅಂತ ನಂಬಿ ಬರೆದುಬಿಟ್ಟಿದ್ದೆ. ಆಮೇಲೆ ತಾತಾನೇ ನಗ್ತಾ ಹೇಳಿದ್ರು."

"ಇದನ್ನ ಶನಿವಾರಾನೇ ಹೇಳೋಕೆ ಏನಾಗಿತ್ತು?"

"ನೀವು ಕೇಳಿದ್ರೆ ತಾನೆ? ಅವರ ಲೇಖನವನ್ನ ನಾನು ಪೂರ್ತಿ ಓದಿಲ್ಲ. ಮೂರನೇ ಪುಟದಲ್ಲೇ ನನ್ನ ಸಾಲುಗಳು ಕಂಡವು, ಮುಚ್ಚಿಟ್ಟೆ."

ಟೈಲರ್ ತಾತನ ಅಂಗಡಿ ಎರಡು ಬೀದಿ ಆಚೆ. ಮೆಷಿನ್ನಿನ ಪಕ್ಕದಲ್ಲೇ ತುಕ್ಕು ಹಿಡಿದ ಡಬ್ಬಿ ಇತ್ತು. ಪೊಲೀಸರನ್ನು ಕಂಡು ಮುದುಕ ಮೊದಲು ಹೆದರಿದ, ವಿಷಯ ಕೇಳಿ ಆಮೇಲೆ ಸಿಡುಕಿದ.

"ಅಯ್ಯೋ ತಾಯಿ, ಆ ಹುಡುಗಿ ಪ್ರಾಣ ತಿಂದುಬಿಟ್ಟಿದ್ಲು. ಇದೇನು ತಾತ, ಅದೇನು ತಾತ. ಡಬ್ಬಿ ಯಾಕೆ ಅಂದ್ಲು, ಬಾಯಿಗೆ ಬಂದದ್ದು ಹೇಳಿದೆ. ಅವಳು ಕಣ್ಣಲ್ಲಿ ನೀರು ಹಾಕ್ಕೊಂಡು ಬರ್ಕೊಂಡ್ಲು. ಉದುರಿದ ಗುಂಡಿ ಅದು, ಸತ್ತವರದ್ದೂ ಅಲ್ಲ ಬದುಕಿದವರದ್ದೂ ಅಲ್ಲ."

"ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಬೇರೆಯವರು ನಂಬ್ತಾರಾ? ಓದೋ ಹುಡುಗಿ, ಅವಳು ನಂಬಿದ್ಲು."

ಇನ್ಸ್‌ಪೆಕ್ಟರ್ ಹಾಗೇ ನಂಬುವವಳಲ್ಲ. ಊರಿನ ಉಳಿದ ದರ್ಜಿ ಅಂಗಡಿಗಳಿಗೆಲ್ಲ ಕಾರ್ಬನ್ನನ್ನು ಕಾಲ್ನಡಿಗೆಯಲ್ಲೇ ಅಟ್ಟಿದಳು. ಒಬ್ಬೊಬ್ಬರ ಹೇಳಿಕೆಯನ್ನೂ ಅವರವರ ಮಾತಿನಲ್ಲೇ ಬರೆದು ತರಬೇಕು, ಒಂದರ ಹಾಗೆ ಇನ್ನೊಂದು ಕಂಡರೆ ಸಸ್ಪೆಂಡ್ ಅಂದಳು. ಕಾರ್ಬನ್ ಕಾಲು ಎಳೆಯುತ್ತ ಹಿಂತಿರುಗಿದ. ಸತ್ತವರ ಗುಂಡಿಯ ಮಾತು ಕೇಳಿ ಒಬ್ಬ ನಕ್ಕನಂತೆ, ಇನ್ನೊಬ್ಬ ಅಪಶಕುನ ನುಡಿಯಬೇಡ ಅಂತ ಹೊರಗೆ ದಬ್ಬಿದನಂತೆ. ಅಂಥ ಪದ್ಧತಿ ಯಾರಿಗೂ ಗೊತ್ತಿಲ್ಲ. ಹುಡುಗಿಯನ್ನು ಎಲ್ಲರೂ ಬಲ್ಲರು, ಮುಖ್ಯಸ್ಥರ ಫೋಟೋ ನೋಡಿ ಒಬ್ಬರೂ ಗುರುತು ಹಿಡಿಯಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಮುಖ್ಯಸ್ಥರು ಠಾಣೆಗೆ ಬಂದರು. "ಇನ್ನೂ ಅರೆಸ್ಟ್ ಆಗಿಲ್ಲ. ನಾಳೆ ನನ್ನ ಸಮಿತಿ ಇದೆ," ಅಂದರು, ನಿಂತುಕೊಂಡೇ.

"ಇವತ್ತು ಆಗುತ್ತೆ. ಕೂತ್ಕೊಳ್ಳಿ. ನಿಮ್ಮ ಲೇಖನ ಓದಿದೆ. ಗುಂಡಿ ಡಬ್ಬಿ ವಿಷಯ ಬಹಳ ಹಿಡಿಸ್ತು. ಯಾರು ಹೇಳಿದ್ದು?"

ಅವರ ಮುಖ ಸ್ವಲ್ಪ ಸಡಿಲವಾಯಿತು. ಕೂತರು. "ಬಹಳ ಜನ ದರ್ಜಿಗಳು. ಕ್ಷೇತ್ರಕಾರ್ಯ ಮಾಡಿದೆ ನಾನು, ತಿಂಗಳುಗಟ್ಟಲೆ."

"ಡಬ್ಬಿ ನೋಡಿದ್ರಾ?"

"ನೋಡಿದೆ. ಒಬ್ಬ ವೃದ್ಧರು ಕೈ ನಡುಗಿಸ್ತಾ ತೆರೆದು ತೋರಿಸಿದ್ರು."

ಇನ್ಸ್‌ಪೆಕ್ಟರ್ ಬಾಗಿಲ ಕಡೆ ಕೈ ಮಾಡಿದಳು. ಕಾರ್ಬನ್ ಟೈಲರ್ ತಾತನನ್ನು ಒಳಗೆ ಕರೆತಂದ.

"ಇವರೇನಾ?"

ಮುಖ್ಯಸ್ಥರು ಅವನ ಮುಖ ನೋಡಿದರು, ಕಂಕುಳಲ್ಲಿದ್ದ ಡಬ್ಬಿ ನೋಡಿದರು. "ಹೌದು, ಇವರೇ," ಅಂದರು.

"ಯಾರ್ರೀ ನೀವು?" ತಾತ ಕೆರಳಿದ. "ಈ ಜನ್ಮದಲ್ಲಿ ನಿಮ್ಮನ್ನ ನೋಡಿಲ್ಲ. ನನ್ನ ಕೈ ಯಾವತ್ತು ನಡುಗಿತ್ತು? ನಡುಗಿದ್ರೆ ಸೂಜಿಗೆ ದಾರ ನೀವು ಪೋಣಿಸಿಕೊಡ್ತಿದ್ರಾ? ಆ ಕಥೆ ನಾನು ಕಟ್ಟಿದ ಸುಳ್ಳು ಸ್ವಾಮಿ, ಆ ಹುಡುಗಿ ಒಬ್ಬಳ ಮುಂದೆ ಕಟ್ಟಿದ್ದು. ನಿಮಗೆ ಹೇಗೆ ಗೊತ್ತಾಯ್ತು?"

ಮುಖ್ಯಸ್ಥರು ಕುರ್ಚಿಯಿಂದ ಏಳಹೋದರು. ಇನ್ಸ್‌ಪೆಕ್ಟರ್ ಬಿಡಲಿಲ್ಲ.

"ಕಪಾಟಿನ ಎರಡೂ ಕೀಲಿ ಗುರುವಾರದಿಂದ ಯಾರ ಹತ್ತಿರ ಇದ್ವು?"

ಮುಖ್ಯಸ್ಥರ ಕೈ ಜೇಬಿನ ಕಡೆ ಹೋಯಿತು.

"ಅಟೆಂಡರ್ ಹೇಳಿಕೆ ಕೊಟ್ಟಿದ್ದಾನೆ. ಬೆಂಕಿ ಹಚ್ಚಿ ಬೀಗ ಯಾಕೆ ಹಾಕಿದ್ರಿ?"

"ಅಭ್ಯಾಸ," ಅಂದುಬಿಟ್ಟರು. ಅಂದಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಹನ್ನೆರಡೂ ಹತ್ತಕ್ಕೆ ಬಂಧನ ದಾಖಲಾಯಿತು. ಜೇಬಿನಿಂದ ಎರಡು ಕೀಲಿಗಳ ಗೊಂಚಲು ಜಪ್ತಿಯಾಯಿತು. ಹೇಳಿಕೆ ಬರೆದುಕೊಳ್ಳುವಾಗ ಅವರ ಗತ್ತೆಲ್ಲ ಇಳಿದಿತ್ತು. ಬಡ್ತಿ ಯಾವಾಗಲೋ ಸಿಕ್ಕಿತ್ತು, ಹಣದ ಆಸೆಯೂ ಇರಲಿಲ್ಲ. ಹದಿನೈದು ವರ್ಷದಿಂದ ಅವರು ಸ್ವಂತದ್ದು ಒಂದು ಪುಟ ಬರೆದಿರಲಿಲ್ಲ. ಕೂತರೆ ಬರುತ್ತಿರಲಿಲ್ಲ. ಒಂದು ಸಂಜೆ ಉತ್ತರಪತ್ರಿಕೆಗಳ ಕಟ್ಟಿನಲ್ಲಿ ಈ ಪ್ರಬಂಧ ಸಿಕ್ಕಿತು. ಓದಿ ಮುಗಿಸಿದಾಗ ಹೊಟ್ಟೆಕಿಚ್ಚಿನಿಂದ ಕೈಕಾಲು ಬಿಸಿಯಾಯಿತಂತೆ.

"ಅದಕ್ಕೆ ಎಷ್ಟು ಅಂಕ ಕೊಟ್ರಿ?" ಇನ್ಸ್‌ಪೆಕ್ಟರ್ ಕೇಳಿದಳು.

"ಮೂವತ್ತೆಂಟು."

"ನೂರಕ್ಕೆ?"

"ಹೂಂ. 'ಭಾಷೆ ಸಾಧಾರಣ, ಬರವಣಿಗೆ ನಿನ್ನ ದಾರಿಯಲ್ಲ' ಅಂತ ಬರೆದು ಅವಳಿಗೆ ತೋರಿಸಿ, ವಾಪಸ್ ಇಟ್ಟುಕೊಂಡೆ. ಚೆನ್ನಾಗಿದೆ ಅಂದಿದ್ದರೆ ಅವಳು ಅದನ್ನ ವಾಪಸ್ ಕೇಳಿ ಜೋಪಾನ ಮಾಡ್ತಿದ್ದಳು."

ಇನ್ಸ್‌ಪೆಕ್ಟರಿಗೆ ಬೆಂಕಿ ಹಚ್ಚಿದ್ದಕ್ಕಿಂತ ಈ ಮಾತಿಗೆ ಹೆಚ್ಚು ಅಸಹ್ಯವಾಯಿತು. ಎದ್ದು ಹೊರಗೆ ಬಂದಳು.

ಸಂಜೆ ಹುಡುಗಿಯ ಮನೆಗೆ ಹೋಗಿ ಬಂಧನದ ಸುದ್ದಿ ಹೇಳಿದಳು. ಕೇಸಿನಲ್ಲಿ ಇನ್ನು ಅವಳ ಹೆಸರಿಲ್ಲ, ನಾಳೆಯ ಸಮಿತಿಗೆ ಠಾಣೆಯಿಂದಲೇ ವರದಿ ಹೋಗುತ್ತದೆ ಅಂದಳು. ತಾಯಿ ಹೊಲಿಯುತ್ತಿದ್ದ ಅಂಗಿಗೇ ಮುಖ ಒತ್ತಿಕೊಂಡು ಅತ್ತಳು. ಹುಡುಗಿ ಅಳಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. ಇನ್ಸ್‌ಪೆಕ್ಟರ್ ಮೂವತ್ತೆಂಟರ ವಿಷಯವನ್ನೂ ಹೇಳಿದಳು, ಯಾಕೆ ಅನ್ನುವುದನ್ನೂ ಹೇಳಿದಳು.

ಹುಡುಗಿ ನೆಲದ ಮೇಲಿದ್ದ ಒಂದು ಅಂಗಿ ಎತ್ತಿ ಮಡಿಸತೊಡಗಿದಳು.

"ಅವರು ಬರೆದ ಆ ಮಾತು ಓದಿ ಒಂದೂವರೆ ವರ್ಷ ನಾನು ಏನೂ ಬರೀಲಿಲ್ಲ ಮೇಡಂ. ನಂಗೆ ಬರಲ್ಲ ಅಂತಾನೇ ಅಂದ್ಕೊಂಡಿದ್ದೆ." ಅವಳ ದನಿ ಮೊದಲ ಸಲ ಒಡೆಯಿತು. "ಹಾಗಾದ್ರೆ ಅದು ಚೆನ್ನಾಗಿತ್ತಾ?"

"ಅವರ ಹೆಸರಿನ ಕೆಳಗೆ ಓದಿದೆ ನಾನು," ಅಂದಳು ಇನ್ಸ್‌ಪೆಕ್ಟರ್. "ಎರಡು ಸಲ ಓದಿದೆ. ತುಂಬಾ ಚೆನ್ನಾಗಿತ್ತು."